ಬ್ರೇಕ್: ಎರಡೂ ಸರಿ

ರಬ್ಬರು ಕೆಟ್ಟಿದೆ ಎಂದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನಟ್ಟು ಬೋಲ್ಟು ತಿರುಗಿಸುವ ಪಾನಾವನ್ನು ಹೊಸದಾಗಿ ಹಿಡಿಯುವವರಿಗೆ ನಾನು ಹೇಳಬೇಕಾದದ್ದು ಇದೊಂದೇ. ಉಳಿದ ಕೆಲಸವನ್ನು ನೀವು ಫೋನಿನಲ್ಲಿ ನೋಡಿಯೇ ಕಲಿಯುತ್ತೀರಿ, ನನಗಿಂತ ಚೆನ್ನಾಗಿಯೂ ಕಲಿಯುತ್ತೀರಿ. ಆದರೆ ಈ ಒಂದು ಮಾತನ್ನು ನಾನು ಮರೆತದ್ದರಿಂದ ಆದದ್ದು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಅದು ಗೊತ್ತಿರುವವನು ನಾನೊಬ್ಬನೇ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕೆಲಸ ಕಲಿತದ್ದು ತದಡಿ ಬಂದರಿನಲ್ಲಿ, ಬೋಟಿನ ಇಂಜಿನ್ನುಗಳ ಮೇಲೆ. ನಮ್ಮದು ಮೀನು ಹಿಡಿಯುವ ಮನೆತನ. ನನಗೆ ಕಡಲಿಗಿಂತ ಇಂಜಿನ್ನೇ ಹೆಚ್ಚು ಹಿಡಿಸಿತು, ಅಷ್ಟೇ. ಬೋಟಿನ ಮೆಕ್ಯಾನಿಕ್ಕಿಗೆ ಒಂದು ಅಭ್ಯಾಸ ಇರುತ್ತದೆ. ಏನೇ ಬಿಚ್ಚಲಿ, ಬಿಚ್ಚಿದ್ದನ್ನೆಲ್ಲ ಡೀಸೆಲ್ ತುಂಬಿದ ಅಗಲ ತಟ್ಟೆಗೆ ಹಾಕುತ್ತಾನೆ. ನಟ್ಟು, ಬೇರಿಂಗು, ಪಿಸ್ಟನ್ನು, ಕೊನೆಗೆ ತನ್ನ ಕೈ ಸಹ. ಉಪ್ಪುಗಾಳಿಯಲ್ಲಿ ಒರೆಸಿಟ್ಟ ಕಬ್ಬಿಣ ಮಧ್ಯಾಹ್ನದೊಳಗೆ ಕೆಂಪಾಗುತ್ತದೆ. ಡೀಸೆಲ್ಲಿನಲ್ಲಿ ಮುಳುಗಿದ್ದರೆ ಯಾವ ಚಿಂತೆಯೂ ಇಲ್ಲ. ಬಂದರಿನಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಕೈ ತಾನಾಗಿ ಕಲಿಯುತ್ತದೆ.

ಆ ಕೈಯನ್ನು ಹೊತ್ತುಕೊಂಡೇ ನಾನು ಹೊನ್ನಾವರಕ್ಕೆ ಬಂದೆ. ಹೆದ್ದಾರಿಯ ಬದಿಯಲ್ಲಿ ಫೆಲಿಕ್ಸ್ ಮೇಸ್ತ್ರಿಗಳ ವರ್ಕ್‌ಶಾಪು. ಬೊಂಬಾಯಿಯಲ್ಲಿ ಹಳೆಯ ವಿದೇಶಿ ಕಾರುಗಳ ಕೆಲಸ ಮಾಡಿ ಊರಿಗೆ ಮರಳಿದವರು. ಗೋವೆಯಿಂದ ಮಂಗಳೂರಿನವರೆಗೆ ಯಾರ ಮನೆಯ ಶೆಡ್ಡಿನಲ್ಲಿ ಎಂಥ ಹಳೆಯ ಗಾಡಿ ಇದ್ದರೂ ಒಂದು ದಿನ ಅದು ಅವರ ಅಂಗಳಕ್ಕೆ ಬರಲೇಬೇಕು ಎನ್ನುವ ಹೆಸರು ಅವರಿಗಿತ್ತು. ಎರಡನೆಯ ದಿನವೇ ಒಂದು ಕಾರಿನ ಬ್ರೇಕ್ ಬಿಚ್ಚಿ, ಅದರೊಳಗಿನ ಪುಟ್ಟ ಬಟ್ಟಲಿನಂಥ ರಬ್ಬರ್ ಕಪ್ಪುಗಳನ್ನು ನಾನು ಡೀಸೆಲ್ ತಟ್ಟೆಯ ಕಡೆಗೆ ಒಯ್ದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದು, ಮಗನೇ ಎಂದು ತಮ್ಮ ಕೊಂಕಣಿಯಲ್ಲಿ ಕರೆದರು.

"ಪುತಾ, ಇದು ಬೋಟಲ್ಲ. ಬೋಟು ನಿಲ್ಲದಿದ್ರೆ ನೀರಲ್ಲಿ ತೇಲ್ತದೆ. ಕಾರು ನಿಲ್ಲದಿದ್ರೆ?"

"ಎಂತ ಆಗ್ತದೆ ಮೇಸ್ತ್ರೆ, ಸ್ವಲ್ಪ ಡೀಸೆಲ್ ತಾಗಿದ್ರೆ?"

"ಇವತ್ತು ಎಂತದೂ ಆಗೂದಿಲ್ಲ. ನಾಳೆಯೂ ಆಗೂದಿಲ್ಲ. ಅದೇ ಅದ್ರ ಮೋಸ. ರಬ್ಬರು ಒಳಗಿಂದೊಳಗೆ ಉಬ್ಬುತ್ತದೆ. ಹದಿನೈದು ದಿನಕ್ಕೆ ಬ್ರೇಕು ಹಿಡಿದದ್ದು ಬಿಡೂದಿಲ್ಲ. ಬಿಡದೆ ಬಿಡದೆ ಕಾದು ಕಾದು, ಕಡೆಗೆ ಬೇಕಾದಾಗ ಹಿಡಿಯೂದೂ ಇಲ್ಲ. ಬ್ರೇಕಿನ ರಬ್ಬರಿಗೆ ಬ್ರೇಕ್ ಆಯಿಲ್ ಬಿಟ್ಟು ಬೇರೆ ಎಂತದೂ ಸೋಕಬಾರ್ದು. ತಟ್ಟೆಯೂ ಬೇರೆ."

ಅಂದೇ ಒಂದು ಬಿಳಿಯ ಎನಾಮೆಲ್ ತಟ್ಟೆ ತಂದು ಬ್ರೇಕಿನ ಕೆಲಸಕ್ಕೆಂದೇ ಗೋಡೆಗೆ ತೂಗಿಹಾಕಿದರು. ನಾನು ಅಲ್ಲಿದ್ದಷ್ಟು ವರ್ಷವೂ ಅದು ಅಲ್ಲೇ ತೂಗುತ್ತಿತ್ತು.

ಅಲ್ಲಿ ಎಡವಟ್ಟು ಮಾಡದೆ ಯಾರೂ ಕಲಿತದ್ದಿಲ್ಲ. ಇಂಗ್ಲೆಂಡಿನ ಗಾಡಿಗೆ ಇಂಚಿನ ಪಾನಾ, ಯುರೋಪಿನ ಉಳಿದ ಗಾಡಿಗಳಿಗೆ ಮಿಲಿಮೀಟರಿನ ಪಾನಾ. ನಾನೊಮ್ಮೆ ಇಟಲಿಯ ಗಾಡಿಯ ಬೋಲ್ಟಿಗೆ ಇಂಚಿನ ಪಾನಾ ಹಾಕಿ ತಿರುಗಿಸಿ ಅದರ ಮೂಲೆಗಳನ್ನು ಗೋಲಿಯಂತೆ ಉರುಟು ಮಾಡಿದ್ದೆ. ಮೇಸ್ತ್ರಿ ಬೈಯಲಿಲ್ಲ. "ಅದ್ರ ಎದುರು ನಿಂತು ತಪ್ಪಾಯ್ತು ಅನ್ನು" ಎಂದರು. ನಾಲ್ಕು ಜನ ಗಿರಾಕಿಗಳ ಎದುರು ನಾನು ಬೋಲ್ಟಿಗೆ ಕೈಮುಗಿದೆ. ಈಗ ಅನ್ನಿಸುತ್ತದೆ, ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೊರಟದ್ದು ಅದೇ ಕೊನೆ.

ವಿಧಾನಗಳು ಬದಲಾದವು. ಕಾರ್ಬೊರೇಟರನ್ನು ಕಿವಿಯಿಂದ ಹದ ಮಾಡುತ್ತಿದ್ದೆವು. ಮೇಸ್ತ್ರಿ ಒಂದು ರಬ್ಬರ್ ನಳಿಗೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಇಂಜಿನ್ನಿನ ಬಾಯಿಗೆ ಹಿಡಿದು ಡಾಕ್ಟರಂತೆ ಕೇಳುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಹೊಸ ಗಾಡಿಗಳು ತಮ್ಮ ಕಾಯಿಲೆಯನ್ನು ತಾವೇ ಪರದೆಯ ಮೇಲೆ ಬರೆದು ತೋರಿಸತೊಡಗಿದವು. ಹಳೆಯ ಗಾಡಿ ಹಾಗೆ ಬರೆಯುವುದಿಲ್ಲ. ಅದರ ಪರವಾಗಿ ನಾವು ಬರೆಯಬೇಕು. ನಾನು ಬರೆದ ಒಂದು ಸಾಲಿನ ಕಥೆಯೇ ಇದು.

ಆರು ವರ್ಷದ ಹಿಂದಿನ ಮಾತು. ಭಟ್ಕಳದ ಒಬ್ಬ ಸಾಹೇಬರ ಬಳಿ ಎರಡು ಗಾಡಿಗಳಿದ್ದವು, ಒಂದು ಇಂಗ್ಲೆಂಡಿನದು, ಇನ್ನೊಂದು ಇಟಲಿಯದು. ಎರಡೂ ಒಂದೇ ಕಾಲದವು, ದೂರದ ಊರಿಗೆ ದಣಿವಿಲ್ಲದೆ ವೇಗವಾಗಿ ಹೋಗಲೆಂದು ಶ್ರೀಮಂತರಿಗಾಗಿ ಮಾಡಿದವು. ಉದ್ದ ಮೂತಿ, ಹಿಂದೆ ಇಳಿಜಾರು ಬೆನ್ನು, ನಾಲ್ಕು ಜನರಿಗೆ ಸೀಟು. ಸಾಹೇಬರ ತಂದೆ ಗಲ್ಫಿನ ವ್ಯಾಪಾರದ ದಿನಗಳಲ್ಲಿ ತಂದದ್ದು. ಸಾಹೇಬರಿಗೆ ಕಣ್ಣು ಮಂಜಾಗಿತ್ತು. ಒಂದನ್ನು ಇಟ್ಟುಕೊಂಡು ಒಂದನ್ನು ಕೊಡುವುದೆಂದು ತೀರ್ಮಾನಿಸಿದರು.

"ಎರಡೂ ಮಕ್ಕಳಿದ್ದಾಂಗೆ ಮೇಸ್ತ್ರಿ. ಒಂದನ್ನ ಮದ್ವೆ ಮಾಡಿ ಕೊಡ್ತಾ ಇದೇನೆ, ಅಷ್ಟೇ ಸಮಝ್ ಲೋ. ಯಾವುದು ಅಂತ ಕೊಳ್ಳೋರೇ ಹೇಳ್ಲಿ" ಎಂದರು.

ಕೊಳ್ಳುವವನು ನನ್ನ ಶಾಲೆಯ ಜೊತೆಗಾರ ನಾರಾಯಣ. ತದಡಿಯಲ್ಲಿ ಅವನದು ಮೂರು ಬೋಟು. ಅವನ ತಂದೆ ಜಟ್ಟಪ್ಪ ಮಾವ ಹುಡುಗನಾಗಿದ್ದಾಗ, ಶರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ, ದೋಣಿಗಳ ಮೇಲೆ ಹಲಗೆ ಹಾಸಿ ಕಾರು ದಾಟಿಸುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಕಾರನ್ನು ಮುಟ್ಟಬೇಡ ಎಂದು ಗದರಿಸಿಕೊಂಡದ್ದನ್ನು ಎಂಬತ್ತು ದಾಟಿದರೂ ಮರೆತಿರಲಿಲ್ಲ. ಅಪ್ಪನನ್ನು ಅಂಥದೊಂದು ಗಾಡಿಯಲ್ಲಿ ಕೂರಿಸಿ ಓಡಿಸಬೇಕು, ಇದು ನಾರಾಯಣನ ಆಸೆ.

"ಎಂಕಟಾ, ನಂಗೆ ಬೋಟು ಗೊತ್ತು, ಕಾರು ಗೊತ್ತಿಲ್ಲ. ಎರಡನ್ನೂ ಓಡ್ಸಿ ನೋಡು. ಶಾಲೆಲಿ ಮಾಡ್ತಿದ್ವಲ, ಹಂಗೆ ಎರಡು ಕಾಲಂ ಹಾಕಿ ಬರ್ಕೊಡು. ನೀ ಬರ್ದದ್ದೇ ಕಡೆ."

ಓಡಿಸಿ ನೋಡುವ ಮೊದಲು ಎರಡೂ ಗಾಡಿ ವರ್ಕ್‌ಶಾಪಿಗೆ ಬಂದವು. ಇಂಗ್ಲೆಂಡಿನದರ ಬ್ರೇಕ್ ಪೂರ್ತಿ ಬಿಚ್ಚಬೇಕಿತ್ತು. ಹಿಂದಿನ ಎರಡು ಚಕ್ರ ಮೇಸ್ತ್ರಿಗಳು ತೆಗೆದುಕೊಂಡರು. ಬ್ರೇಕ್ ಶೂ ಕೂರಿಸಿ, ಎಷ್ಟು ಬಿಗಿ ಬೇಕೋ ಅಷ್ಟು ಬಿಗಿ ಮಾಡಿ, ಆ ಬಿಗಿಯನ್ನು ಹೆಚ್ಚು ಕಡಿಮೆ ಮಾಡುವ ಅಡ್ಜಸ್ಟರಿನ ಮೇಲೂ ಅದರ ಪಕ್ಕದ ತಗಡಿನ ಮೇಲೂ ಸೇರುವಂತೆ ಒಂದು ಹಳದಿ ಗೆರೆ ಎಳೆದರು. ಅದು ಅವರ ಪದ್ಧತಿ. ಅಡ್ಜಸ್ಟರು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ. ನನ್ನ ಪಾಲಿಗೆ ಬಂದದ್ದು ಮಾಸ್ಟರ್ ಸಿಲಿಂಡರ್. ಪೆಡಲ್ ತುಳಿದಾಗ ನಾಲ್ಕೂ ಚಕ್ರಕ್ಕೆ ಒತ್ತಡ ಕಳಿಸುವ ಭಾಗ ಅದು. ಅದರ ಹೊಸ ರಬ್ಬರುಗಳನ್ನು ಸಾಹೇಬರ ಮಗಳು ಇಂಗ್ಲೆಂಡಿನಿಂದ ಕಳಿಸಿದ್ದಳು. ಬರಲು ನಾಲ್ಕು ತಿಂಗಳು ಹಿಡಿದಿತ್ತು. ಒಂದೇ ಒಂದು ಸೆಟ್ಟು.

ಆ ದಿನ ಮಧ್ಯಾಹ್ನ ಒಂದು ಮೀನಿನ ವ್ಯಾನು ಅವಸರದ ಕೆಲಸಕ್ಕೆ ಬಂದಿತ್ತು. ಮಂಜುಗಡ್ಡೆ ಕರಗುತ್ತದೆ ಎಂದು ಅದರ ಡ್ರೈವರು ಬೊಬ್ಬೆ ಹೊಡೆಯುತ್ತಿದ್ದ. ನಾನು ಎರಡೂ ಕಡೆ ಓಡಾಡುತ್ತಿದ್ದೆ. ವ್ಯಾನಿನ ಬೇರಿಂಗನ್ನು ಡೀಸೆಲ್ ತಟ್ಟೆಗೆ ಹಾಕಿದೆ, ಬಂದೆ, ಸಿಲಿಂಡರನ್ನು ತೊಳೆಯಲು ಹಾಕಿದೆ, ಅದರ ಹಿಂದೆಯೇ ರಬ್ಬರುಗಳನ್ನೂ ಹಾಕಿದೆ. ಹಾಕಿ, ಬೆರಳಿನಿಂದ ತಿರುವಿ ತಿರುವಿ ತೊಳೆದೆ. ಕೈ ತದಡಿಗೆ ಹೋಗಿಬಿಟ್ಟಿತ್ತು. ತಲೆ ಎತ್ತಿದಾಗ ಕಂಡದ್ದು ಗೋಡೆಯ ಮೇಲಿನ ಬಿಳಿ ತಟ್ಟೆ.

ತಕ್ಷಣ ತೆಗೆದು ಬಟ್ಟೆಯಲ್ಲಿ ಒರೆಸಿದೆ. ಬ್ರೇಕ್ ಆಯಿಲ್‌ನಲ್ಲಿ ಅದ್ದಿ ಮತ್ತೆ ಒರೆಸಿದೆ. ನೋಡಲು ಏನೂ ಆಗಿರಲಿಲ್ಲ. ಮೇಸ್ತ್ರಿ ಹತ್ತು ಹೆಜ್ಜೆ ದೂರದಲ್ಲಿ, ನನಗೆ ಬೆನ್ನು ಮಾಡಿ ಕೂತಿದ್ದರು. "ಮೇಸ್ತ್ರೆ" ಎಂದು ಒಮ್ಮೆ ಕರೆದಿದ್ದರೆ ಸಾಕಿತ್ತು. ಆದರೆ ನನಗೆ ಆಗ ಅರವತ್ತೊಂದು ವರ್ಷ. ವರ್ಕ್‌ಶಾಪನ್ನು ನನ್ನ ಕೈಗೆ ಕೊಡುವ ಮಾತು ಅವರ ಬಾಯಿಂದ ಆಗಷ್ಟೇ ಬಂದಿತ್ತು. ಎರಡನೆಯ ದಿನ ಕಲಿತ ಪಾಠವನ್ನು ಈ ವಯಸ್ಸಿನಲ್ಲಿ ಮರೆತೆ ಎಂದು ಹೇಗೆ ಹೇಳಲಿ? ಎರಡು ನಿಮಿಷ ತಾಗಿದ್ದಕ್ಕೆ ಏನಾಗುತ್ತದೆ ಎಂದುಕೊಂಡೆ. ಕೂರಿಸಿ ಬೋಲ್ಟು ಬಿಗಿದೆ.

ಓಡಿಸಿ ನೋಡುವ ದಿನ ಬರುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಭಟ್ಕಳದ ಸಾಹೇಬರ ಮನೆಯಿಂದ ಕುಮಟೆಯವರೆಗೆ, ಒಂದು ಬೆಳಿಗ್ಗೆ ಇಟಲಿಯದು, ಮರುದಿನ ಬೆಳಿಗ್ಗೆ ಇಂಗ್ಲೆಂಡಿನದು, ಅದೇ ರಸ್ತೆ, ಅದೇ ಹೊತ್ತು. ನಾರಾಯಣ ಪಕ್ಕದಲ್ಲಿ.

ಇಟಲಿಯದಕ್ಕೆ ಸ್ಟಿಯರಿಂಗು ಎಡಗಡೆ. ಮುರ್ಡೇಶ್ವರ ದಾಟುವವರೆಗೆ ಅದು ಕೆಮ್ಮುತ್ತ, ಮುನಿಸಿಕೊಂಡವರಂತೆ ಬಂತು. ಮಂಕಿಯ ನೇರ ರಸ್ತೆಯಲ್ಲಿ ಕಾಲು ಒತ್ತಿದ್ದೇ ದನಿ ತೆಗೆಯಿತು ನೋಡಿ! ಮೃದಂಗ ನಿಧಾನಕ್ಕೆ ಏರಿ ಕೊನೆಗೆ ಒಂದೇ ನಾದವಾಗುತ್ತದಲ್ಲ, ಹಾಗೆ. ಬೆರಳಲ್ಲಿ ತಿರುಗಿಸಿದರೆ ಮೈ ತಿರುಗಿಸುತ್ತದೆ. ನಾರಾಯಣ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು, "ಮೆಲ್ಲಗೆ ಮಾರಾಯಾ, ನಂಗೆ ಹೆಂಡ್ತಿ ಇದ್ದಾಳೆ" ಎಂದ. ಆದರೆ ಅದರ ತಗಡು ತೆಳು. ನಮ್ಮ ಗಾಳಿಗೆ ಬಾಗಿಲಿನ ಕೆಳಗೆ ಆಗಲೇ ತೂತು. ವೈರಿಂಗಿನ ಬಣ್ಣಗಳೆಲ್ಲ ಒಂದೇ ಆಗಿಹೋಗಿದ್ದವು. ಒಂದು ಸಾಮಾನು ಕೆಟ್ಟರೆ ಇಟಲಿಗೇ ಬರೆಯಬೇಕು.

ಇಂಗ್ಲೆಂಡಿನದು ಬೇರೆ ಜಾತಿ. ಸಾಲಾಗಿ ಆರು ಸಿಲಿಂಡರು, ಎರಡು ಕಾರ್ಬೊರೇಟರು. ಅವಸರವಿಲ್ಲ, ಉತ್ಸಾಹವೂ ಇಲ್ಲ. ತುಂಬಿದ ದೋಣಿ ಅಳಿವೆ ದಾಟುವಂತೆ ಒಂದೇ ಸಮನೆ ಹೋಗುತ್ತದೆ. ತಿರುವಿನಲ್ಲಿ ಭಾರ. ಆದರೆ ಯಾವ ಭಾಗ ಸವೆದರೂ ಕುಮಟೆಯ ಲೇಥಿನವನು ಮಾಡಿಕೊಡಬಲ್ಲ. ದಪ್ಪ ತಗಡು. ನಾವು ಅಡಿಗೆಲ್ಲ ತಾರ್ಲೆ ಮೀನಿನ ಎಣ್ಣೆ ಬಳಿದಿದ್ದೆವು, ದೋಣಿಗೆ ಬಳಿಯುವ ಹಾಗೆ. ತುಕ್ಕು ಹತ್ತಿರ ಬರಲಿಲ್ಲ. ಬಂದದ್ದು ಸಾಹೇಬರ ಬೀದಿಯ ಬೆಕ್ಕುಗಳು. "ಈ ಗಾಡಿಗೆ ಹಾರ್ನ್ ಬ್ಯಾಡ, ಮ್ಯಾಂವ್ ಅಂದ್ರೆ ಆತು" ಎಂದು ನಾರಾಯಣ ದಾರಿಯುದ್ದಕ್ಕೂ ನಗುತ್ತಿದ್ದ.

ಶರಾವತಿ ಸೇತುವೆ ದಾಟಿ ಕರ್ಕಿಯ ಹತ್ತಿರ ಬಂದಾಗ ನನ್ನ ಕಾಲಿಗೆ ಏನೋ ಗೊತ್ತಾಯಿತು. ಪೆಡಲ್ ಬಿಟ್ಟ ಮೇಲೂ ಗಾಡಿ ಒಂದು ಚೂರು ಹಿಂದೆ ಎಳೆದ ಹಾಗೆ. ಕುಮಟೆಯಲ್ಲಿ ನಿಲ್ಲಿಸಿದೆವು. ನಾರಾಯಣ ಚಾ ಹೇಳಲು ಹೋಟೆಲಿಗೆ ನುಗ್ಗಿದ. ನಾನು ಗಾಡಿಯನ್ನು ಸುತ್ತಿ ಬಂದು ಹಿಂದಿನ ಚಕ್ರದ ನಡುವನ್ನು ಮುಟ್ಟಿದೆ. ಬಿಸಿ. ಹಿಂದಿನದು ಮಾತ್ರವಾಗಿದ್ದರೆ ಶೂ ಬಿಗಿಯಾಗಿದೆ ಎನ್ನಬಹುದಿತ್ತು. ಹಾಗೇ ಆಗಿರಲಿ ಎಂದು ಬೇಡಿಕೊಂಡೇ ಮುಂದಿನದಕ್ಕೆ ಕೈಯಿಟ್ಟೆ. ಎರಡು ಬೆರಳು ಚುರ್ ಎಂದವು. ಹಿಂದೆಯೂ ಮುಂದೆಯೂ ಕಾದಿದೆ ಎಂದರೆ ತಪ್ಪು ಮಾಸ್ಟರ್ ಸಿಲಿಂಡರಿನಲ್ಲಿದೆ. ಅಂದರೆ ಆ ರಬ್ಬರಿನಲ್ಲಿ.

"ಕೈಗೆಂತ ಆತು?" ನಾರಾಯಣ ಕೇಳಿದ.

"ಚಾ ಲೋಟ ಸುಡ್ತು."

"ಚಾ ಇನ್ನೂ ಬರ್ಲೇ ಇಲ್ಲ ಮಾರಾಯಾ!"

ಅವನಿಗೆ ಅದು ತಮಾಷೆ. ಚಾ ಬಂತು. ಅದೇ ಮೇಜಿನ ಮೇಲೆ, ನೋಟ್‌ಬುಕ್ಕಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು ನಾನು ಬರೆದೆ. ಇಂಜಿನ್ನಿನ ಶಕ್ತಿ: ಇಟಲಿ ಮೇಲು. ದೂರದ ಪ್ರಯಾಣಕ್ಕೆ ಬೆನ್ನಿಗೆ ಸುಖ: ಇಂಗ್ಲೆಂಡ್ ಮೇಲು. ತಿರುವು: ಇಟಲಿ. ತುಕ್ಕು: ಇಂಗ್ಲೆಂಡ್. ಊರಿನಲ್ಲಿ ರಿಪೇರಿ: ಇಂಗ್ಲೆಂಡ್. ಎಲ್ಲವೂ ಸತ್ಯ. ಇವತ್ತಿಗೂ ಒಂದು ಅಕ್ಷರ ಬದಲಿಸಲಾರೆ. ಬ್ರೇಕ್ ಎನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು. ರಬ್ಬರು ಮತ್ತೆ ಬರಲು ನಾಲ್ಕು ತಿಂಗಳು. ಏಕೆ ಬೇಕು ಎಂದು ಮೇಸ್ತ್ರಿ ಕೇಳುತ್ತಾರೆ. ಗೆರೆಯನ್ನು ದಾಟಿಸಿ, ಎರಡೂ ಕಾಲಮಿಗೆ ಸೇರಿಸಿ ಬರೆದೆ: ಎರಡೂ ಸರಿ. ಕೆಳಗೆ, ಇಂಗ್ಲೆಂಡಿನದನ್ನು ತೆಗೆದುಕೊಳ್ಳಬಹುದು ಎಂದು ಬರೆದು ಸಹಿ ಹಾಕಿದೆ.

ಗಾಡಿ ತದಡಿಗೆ ಹೋಯಿತು. ನನ್ನ ನೆಮ್ಮದಿಯೂ ಅದರ ಜೊತೆಗೇ ಹೋಯಿತು.

ದಿನಾ ಫೋನು ಮಾಡುತ್ತಿದ್ದೆ. ಗಾಡಿ ಹೊರಗೆ ತೆಗೆದೆಯಾ? ಎಲ್ಲಿಗೆ? ಎಷ್ಟು ದೂರ? ಏನಾದರೂ ವಾಸನೆ? "ಹೆಣ್ಣು ಕೊಟ್ಟ ಮಾವ ನೀನಾ, ಸಾಹೇಬ್ರಾ?" ಎಂದು ನಾರಾಯಣ ನಗುತ್ತಿದ್ದ. ಅವನು ಓಡಿಸುತ್ತಿದ್ದುದು ಬಂದರಿನಿಂದ ಮನೆಗೆ, ಮನೆಯಿಂದ ಬಂದರಿಗೆ. ಹೊಸ ರಬ್ಬರಿಗೆ ನಾನೇ ಗುಟ್ಟಾಗಿ ಹುಬ್ಬಳ್ಳಿಯ ಒಬ್ಬ ಬ್ರೇಕಿನವನಿಗೆ ಅಳತೆ ಕಳಿಸಿದ್ದೆ. ಅದು ಬಂದರೆ ಸರ್ವಿಸ್ ಎಂಬ ನೆಪ ಹೇಳಿ ಹಾಕಿಬಿಡುವುದು, ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ವಾರ, ಇನ್ನು ನಾಲ್ಕು ದಿನ ಎಂದು ಎಣಿಸುತ್ತಿದ್ದೆ. ಹೆದ್ದಾರಿಯಲ್ಲಿ ಆಂಬುಲೆನ್ಸ್ ಹೋದರೆ ಕೈಯಲ್ಲಿದ್ದದ್ದು ಬೀಳುತ್ತಿತ್ತು. "ಎಂತ ಪುತಾ, ಮೈ ಸರಿ ಇಲ್ವಾ?" ಎಂದು ಮೇಸ್ತ್ರಿ ಕೇಳಿದರು. ಸರಿ ಇದೆ ಎಂದೆ.

ಒಂದು ಭಾನುವಾರ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಊಟಕ್ಕೆ ಕೂತು ಫೋನು ತೆರೆದೆ. ನಾರಾಯಣನ ಸ್ಟೇಟಸ್ಸಿನಲ್ಲಿ ಫೋಟೊ: ಗಾಡಿ, ಅದಕ್ಕೆ ಒರಗಿದ ಅವನು, ಹೆಂಡತಿ ಮಾದೇವಿ, ಮುಂದಿನ ಸೀಟಿನಲ್ಲಿ ರಾಜನಂತೆ ಕೂತ ಜಟ್ಟಪ್ಪ ಮಾವ. ಕೆಳಗೆ 'ಶಿರಸಿಯಲ್ಲಿ' ಎಂದಿತ್ತು. ಬೀಗರ ಮನೆಗೆ ಹೋಗಿದ್ದರು.

ಶಿರಸಿಗೆ ಹೋದವರು ದೇವಿಮನೆ ಘಟ್ಟ ಹತ್ತಿ ಹೋಗಿದ್ದಾರೆ. ಹತ್ತುವುದು ಇಂಜಿನ್ನಿನ ಕೆಲಸ. ಇಳಿಯುವುದು ಬ್ರೇಕಿನ ಕೆಲಸ.

ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಅಂದರೆ ಹೊರಟಾಗಿದೆ, ಕಾಡಿನೊಳಗೆ ಬಂದಾಗಿದೆ. ಕೈ ತೊಳೆಯದೆ ಎದ್ದೆ. ಅಂಗಳದಲ್ಲಿ ಸಾಹೇಬರ ಇಟಲಿಯ ಗಾಡಿ ಕಾರ್ಬೊರೇಟರ್ ಕೆಲಸ ಮುಗಿಸಿ ನಿಂತಿತ್ತು.

"ಎಲ್ಲಿಗೆ?" ಮೇಸ್ತ್ರಿ ಕೇಳಿದರು.

"ಟ್ರಯಲ್ಲಿಗೆ."

"ಉಂಡು ಹೋಗು ಮಾರಾಯಾ" ಎನ್ನುತ್ತಲೇ ಕೀ ಎಸೆದರು. ಆಗಲೂ ಹೇಳಬಹುದಿತ್ತು.

ಎರಡು ದೇಶದ ಗಾಡಿಗಳ ನಿಜವಾದ ಹೋಲಿಕೆ ಅಂದು ನಡೆಯಿತು ಎನ್ನಬೇಕು. ಹಾಳೆಯಲ್ಲಿ ನಾನು ಎರಡನೆಯ ಸ್ಥಾನ ಕೊಟ್ಟ ಗಾಡಿ ಕುಮಟೆ ದಾಟಿ, ಘಟ್ಟದ ಬುಡ ದಾಟಿ, ಒಂದೊಂದು ತಿರುವಿಗೂ ಮೈ ಬಳುಕಿಸಿ ಹತ್ತಿತು. ಅದರ ದನಿ ನನಗೆ ಕೇಳಲೇ ಇಲ್ಲ. ಎದುರಿನಿಂದ ಬರುವ ಪ್ರತಿ ಗಾಡಿಯ ಮುಖ ನೋಡುತ್ತಿದ್ದೆ. ಕಟ್ಟೆ ಒಡೆದಿದೆಯೇ, ಜನ ಸೇರಿದ್ದಾರೆಯೇ ಎಂದು ಪ್ರತಿ ತಿರುವಿನ ಅಂಚನ್ನು ನೋಡುತ್ತಿದ್ದೆ. ಒಂದು ಕಡೆ ಜನ ನಿಂತಿದ್ದರು. ಗಾಡಿ ನಿಧಾನಿಸಿ ಇಣುಕಿದೆ. ಹಲಸಿನ ಹಣ್ಣು ಮಾರುತ್ತಿದ್ದರು.

ಮೇಲೆ, ದೇವಿಮನೆ ದೇವಸ್ಥಾನದಿಂದ ಸ್ವಲ್ಪ ಈಚೆಗೆ, ರಸ್ತೆ ಬದಿಯಲ್ಲಿ ಅದು ನಿಂತಿತ್ತು. ಜಟ್ಟಪ್ಪ ಮಾವ ಕಲ್ಲಿನ ಮೇಲೆ ಕೂತು ಎಲೆ ಹಾಕುತ್ತಿದ್ದರು. ನಾರಾಯಣ ಹಿಂದಿನ ಚಕ್ರಕ್ಕೆ ಬಾಟಲಿಯಿಂದ ನೀರು ಹೊಯ್ಯುತ್ತಿದ್ದ, ಹಬೆ ಏಳುತ್ತಿತ್ತು.

"ಹೋಯ್, ನೀ ಎಲ್ಲಿಂದ ಉದುರ್ದೆ?" ಎಂದ.

"ನಾ ಹೇಳ್ದೆ, ಸುಟ್ಟ ವಾಸನೆ ಬತ್ತದೆ, ನಿಲ್ಸಿ ಅಂತ" ಎಂದಳು ಮಾದೇವಿ. "ಇವ್ರು ಕೇಳೂದಿಲ್ಲ. ಯಾರೋ ಹೊಲದಲ್ಲಿ ಬೆಂಕಿ ಹಾಕಿರು ಅಂದ್ರು. ಕಾಡಲ್ಲಿ ಎಂಥಾ ಹೊಲ?"

"ಈಗ ತಣ್ದದೆ. ಇಳೀತೆ ಮೆಲ್ಲಗೆ. ಹಳೇ ಗಾಡಿ ಅಲ್ದಾ, ಇಷ್ಟೆಲ್ಲ ಆಗ್ತದೆ" ಎಂದ ನಾರಾಯಣ.

ನನಗೆ ಬಾಗಿಲು ತೆರೆದು ಕೊಟ್ಟವನು ಅವನೇ. ಹಳೇ ಗಾಡಿ. ನಾನು ಹೌದು ಎಂದೆ. ನಂತರ, ಇದನ್ನು ನಾನು ಇಳಿಸುತ್ತೇನೆ, ನೀವು ಮೂವರೂ ಆ ಗಾಡಿಯಲ್ಲಿ ಬನ್ನಿ ಎಂದೆ.

"ಅದ್ರ ಸ್ಟಿಯರಿಂಗು ಎಡಕ್ಕಲ್ದಾ?"

"ನಿನ್ ಬೋಟಿನ ಸ್ಟಿಯರಿಂಗು ಯಾವ ಕಡೆಗದೆ?"

"ಅದೂ ಹೌದು" ಎಂದು ಹತ್ತಿ ಕೂತ.

ಅವರನ್ನು ಮುಂದೆ ಕಳಿಸಿ, ನಾನು ಚಕ್ರದ ಹಿಂದೆ ಮಲಗಿ ಒತ್ತಡ ಬಿಡುವ ನಟ್ಟನ್ನು ಸಡಿಲಿಸಿದೆ. ಬಿಸಿ ಆಯಿಲ್ ಚಿಮ್ಮಿತು. ಚಕ್ರ ಬಿಟ್ಟುಕೊಂಡಿತು, ನಟ್ಟನ್ನು ಮತ್ತೆ ಬಿಗಿದೆ. ಅಲ್ಲಿಯೇ, ಕಣ್ಣೆದುರಿಗೆ, ಮೇಸ್ತ್ರಿಗಳ ಹಳದಿ ಗೆರೆ ಇತ್ತು. ತುಂಡಾಗಿರಲಿಲ್ಲ. ಮಸಿಯ ನಡುವೆ ನೆಟ್ಟಗೆ ಇತ್ತು.

ಎರಡನೆಯ ಗೇರಿನಲ್ಲಿ, ಪೆಡಲ್ಲಿಗೆ ಕಾಲು ತಾಗಿಸದೆ, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಇಳಿದೆ. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಪೆಡಲ್ ತುಳಿಯಲೇಬೇಕಾಯಿತು. ಕಾಲು ಹಲಗೆಯವರೆಗೂ ಹೋಯಿತು, ಏನೂ ಸಿಗಲಿಲ್ಲ. ಗಾಡಿಯ ಎಡ ಮಗ್ಗುಲನ್ನು ಗುಡ್ಡದ ಮಣ್ಣಿಗೆ ಉಜ್ಜಿ ನಿಲ್ಲಿಸಿದೆ. ಈ ಸೀಟಿನಲ್ಲಿ ನಾರಾಯಣ, ಪಕ್ಕದಲ್ಲಿ ಮಾವ, ಹಿಂದೆ ಮಾದೇವಿ ಎಂದು ಮನಸ್ಸು ಒಬ್ಬೊಬ್ಬರನ್ನಾಗಿ ಕೂರಿಸಿ ತೋರಿಸಿತು. ಉಳಿದ ದಾರಿಯನ್ನು ಮೊದಲನೆಯ ಗೇರಿನಲ್ಲಿ ಇಳಿದೆ.

ಅನಾಹುತ ಅಷ್ಟಕ್ಕೇ ತಪ್ಪಿತು. ತಪ್ಪು ತಪ್ಪಲಿಲ್ಲ. ಕೆಳಗೆ ಕಾಯುತ್ತಿದ್ದ ನಾರಾಯಣ ಕೇಳಿದ: "ಹಿಂದಿನ ಚಕ್ರದ ಕೆಲ್ಸ ಯಾರು ಮಾಡಿದ್ದು?"

"ಮೇಸ್ತ್ರಿ."

ಕೇಳಿದ ಪ್ರಶ್ನೆಗೆ ಅದು ನಿಜವಾದ ಉತ್ತರ. ನಾನು ಬದುಕಿನಲ್ಲಿ ಹೇಳಿದ ದೊಡ್ಡ ಸುಳ್ಳೂ ಅದೇ.

"ವಯಸ್ಸಾತು ಅವ್ರಿಗೆ. ಕೈ ನಡುಗ್ತದೆ, ನಾನೇ ಕಂಡಿದ್ದೆ" ಎಂದ ಅವನು. ಜಟ್ಟಪ್ಪ ಮಾವ ನನ್ನ ತಲೆಯ ಮೇಲೆ ಕೈಯಿಟ್ಟು, "ಎಂಕಟಾ, ನೀ ಬರದಿದ್ರೆ ನಾವಿಲ್ಲ" ಎಂದರು. ಅವರು ತೀರಿಕೊಳ್ಳುವವರೆಗೂ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ವಾಸನೆ ಇಲ್ಲದೆಯೂ ರೋಗ ಹಿಡಿಯುವ ಮೆಕ್ಯಾನಿಕ್ಕು ಎಂದು ನನ್ನ ಹೆಸರಾಯಿತು.

ಹುಬ್ಬಳ್ಳಿಯ ರಬ್ಬರು ಬಂದದ್ದು ಎರಡು ದಿನದ ಮೇಲೆ. ನಾರಾಯಣನ ಬಲೆ ಇಡುವ ಶೆಡ್ಡಿನಲ್ಲಿ ಒಬ್ಬನೇ ಕೂತು ಬದಲಿಸಿದೆ. ಹಳೆಯದು ರಾತ್ರಿ ನೆನೆಸಿದ ಕಡಲೆಯಂತೆ ಉಬ್ಬಿತ್ತು. ಅದನ್ನು ಇಳಿತದ ನೀರಿಗೆ ಎಸೆದೆ. ಹಿಂದಿನ ಚಕ್ರದ ಅಡ್ಜಸ್ಟರಿಗೆ ಪಾನಾ ತಾಗಿಸಲಿಲ್ಲ. ತಾಗಿಸುವ ಅಗತ್ಯವೇ ಇರಲಿಲ್ಲ.

ಮೇಸ್ತ್ರಿಗಳಿಗೆ ಸುದ್ದಿ ಹೇಗೋ ಮುಟ್ಟಿತ್ತು. "ಹಿಂದಿನ ಚಕ್ರ ಹಿಡೀತಂತೆ?" ಎಂದು ಕೇಳಿದರು.

"ಸ್ವಲ್ಪ."

"ನಾನೇ ಹೆಚ್ಚು ಬಿಗಿ ಮಾಡಿದೆ ಹಾಗಾದ್ರೆ" ಎಂದು ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಅಂದಿನಿಂದ ಅವರು ಬ್ರೇಕಿನ ಕೆಲಸ ಮುಟ್ಟಲಿಲ್ಲ. ತಿಂಗಳಾಗುವುದರೊಳಗೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಬೊಂಬಾಯಿಯಿಂದ ತಂದಿದ್ದ ಇಂಚಿನ ಪಾನಾಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟು, "ಜನರ ಜೀವದ ಕೆಲ್ಸ ಪುತಾ. ಕೈ ಹೇಳಿದ್ದು ಕೇಳದಿದ್ರೆ ಬಿಟ್ಟುಬಿಡ್ಬೇಕು" ಎಂದರು. ನಾನು ತೆಗೆದುಕೊಂಡೆ. ಎರಡು ವರ್ಷ ವರ್ಕ್‌ಶಾಪು ನಡೆಸಿದೆ, ನಿವೃತ್ತನಾದೆ.

ಇಷ್ಟು ಬರೆದು, ಮಡಚಿಟ್ಟು, ಒಂದು ವಾರ ಸುಮ್ಮನಿದ್ದೆ. ಓದುವ ಹೊಸಬರಿಗೆ ಹೇಳಿದರೆ ಸಾಕು ಎಂದುಕೊಂಡಿದ್ದೆ. ಅದೂ ಒಂದು ತಪ್ಪಿಸಿಕೊಳ್ಳುವ ದಾರಿಯೇ ಎಂದು ಆಮೇಲೆ ಹೊಳೆಯಿತು. ಮೊನ್ನೆ ಬೆಳಿಗ್ಗೆ ಪಾನಾದ ಗಂಟನ್ನು ಚೀಲಕ್ಕೆ ಹಾಕಿಕೊಂಡು ತದಡಿಯ ಬಸ್ಸು ಹತ್ತಿದೆ.

ನಾರಾಯಣ ಅಂಗಳದಲ್ಲಿ ಬಲೆ ನೋಡುತ್ತಿದ್ದ. ಆ ಹಾಳೆ ಇದೆಯಾ ಎಂದು ಕೇಳಿದೆ. ಗಾಡಿಯ ಖಾನೆಯಲ್ಲಿಯೇ ಇತ್ತು, ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ. ಹೊರತೆಗೆದು, 'ಎರಡೂ ಸರಿ' ಎನ್ನುವುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದು ಅವನ ಕೈಗೆ ಕೊಟ್ಟೆ: ಇಂಗ್ಲೆಂಡಿನದರ ರಬ್ಬರನ್ನು ನಾನು ಡೀಸೆಲ್ಲಿನಲ್ಲಿ ತೊಳೆದೆ. ಗೊತ್ತಿದ್ದೂ ಹೇಳಲಿಲ್ಲ.

ಓದಿದ. ಮತ್ತೊಮ್ಮೆ ಓದಿದ.

"ಕೈ ಸುಟ್ಟಿದ್ದು ಚಾ ಲೋಟಕ್ಕಲ್ಲ."

"ಅಲ್ಲ."

"ಆವತ್ತೇ ಗೊತ್ತಿತ್ತು ನಿಂಗೆ. ನಮ್ಮಪ್ಪಯ್ಯನ ಕೂರ್ಸಿ ಕಳಿಸ್ದೆ." ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಸಾಯೂತನಕ ನಿನ್ ಹೆಸ್ರು ಹೇಳ್ತಿದ್ರು."

ಹಾಳೆಯನ್ನು ಮತ್ತೆ ಪ್ಲಾಸ್ಟಿಕ್ಕಿನೊಳಗೆ ಸೇರಿಸಿದ.

"ಮೇಸ್ತ್ರಿಗೆ ಹೇಳಿದ್ಯಾ?"

"ಇಲ್ಲ."

ಅವನು ಒಳಗೆ ಹೋಗಿ ಕೀ ತಂದ. "ಹತ್ತು" ಎಂದ.

ತದಡಿಯಿಂದ ಹೊನ್ನಾವರದವರೆಗೆ ಅವನೇ ಓಡಿಸಿದ. ನಾನು ಪಕ್ಕದ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ 'ಹಂಪ್' ಬಂದಾಗಲೂ ಇಲ್ಲದ ಪೆಡಲನ್ನು ತುಳಿಯುತ್ತ ಕೂತಿದ್ದೆ.

ಗಾಡಿಯ ಸದ್ದಿಗೇ ಮೇಸ್ತ್ರಿ ತಮ್ಮ ಮನೆಯ ಜಗಲಿಯಿಂದ ಎದ್ದು ಬಂದರು. ಎಪ್ಪತ್ತೆಂಟು ವರ್ಷ. ನಮ್ಮ ಮುಖವನ್ನೂ ನೋಡಲಿಲ್ಲ. ನೇರ ಹಿಂದಿನ ಚಕ್ರದ ಹತ್ತಿರ ಹೋಗಿ, ಬಗ್ಗಿ, ನಡುವಿಗೆ ಅಂಗೈ ಒತ್ತಿ ಹಿಡಿದರು.

"ಮತ್ತೆ ಹಿಡೀತಾ?" ಎಂದು ಕೇಳಿದರು. ಅವರ ಕಣ್ಣಿನಲ್ಲಿದ್ದ ಹೆದರಿಕೆ ನಾನು ಅಂದು ಘಟ್ಟ ಹತ್ತುವಾಗ ಪಟ್ಟದ್ದೇ. ಅವರು ಪಡಬೇಕಾಗಿರಲಿಲ್ಲ.

"ಇಲ್ಲ ಮೇಸ್ತ್ರೆ. ಅವತ್ತು ಹಿಡಿದದ್ದೂ ನಿಮ್ಮ ಕೈಯಿಂದಲ್ಲ" ಎಂದೆ. ಉಳಿದದ್ದನ್ನು ಅಲ್ಲೇ ನಿಂತು ಹೇಳಿದೆ. ಮೀನಿನ ವ್ಯಾನು, ತಟ್ಟೆ, ರಬ್ಬರು.

"ಡೀಸೆಲ್ಲಾ?" ಎಂದರು.

"ಹೌದು."

ಚೀಲದಿಂದ ಗಂಟು ತೆಗೆದು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಮೆಟ್ಟಿಲ ಬಳಿಯಿದ್ದ ಗೋಣಿಚೀಲವನ್ನು ಎಳೆದು ಚಕ್ರದ ಹಿಂದೆ ಹಾಸಿ, ಒಂದು ಕೈಯನ್ನು ಬಂಪರಿಗೆ ಕೊಟ್ಟು, ನಿಧಾನವಾಗಿ ನೆಲಕ್ಕೆ ಇಳಿದು ಮಲಗಿದರು. ನಾರಾಯಣ ಫೋನಿನ ಬೆಳಕು ಹಿಡಿದ. ಅವರು ಕೊಳೆಯನ್ನು ಹೆಬ್ಬೆರಳಿನಿಂದ ಒರೆಸುವುದು ನನಗೆ ಕಾಣುತ್ತಿತ್ತು. ಒರೆಸಿದರು, ಮತ್ತೆ ಒರೆಸಿದರು.

"ನನ್ನ ಗೆರೆ" ಎಂದರು, ಅಡಿಯಿಂದಲೇ. "ನಾನು ಎಳೆದಲ್ಲೇ ಇದೆ."

ಆಮೇಲೆ ನನ್ನ ಕಡೆ ನೋಡದೆ ಕೈ ಹೊರಗೆ ಚಾಚಿದರು. ಏಳಿಸಲೆಂದು ನಾನು ಹಿಡಿಯಹೋದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ನೀನಲ್ಲ" ಎಂದರು. "ಪಾನಾ."